ನೋಟು ಅಚ್ಚಾಗುವ ಊರಲ್ಲೇ ನೋಟಿನ ಗುರುತು ಸಿಗದವರು!

ಮೈಸೂರು: ಸಂಜೆ ಆರೂವರೆ ಗಂಟೆ. ಕೆ.ಆರ್. ವೃತ್ತದ ಬಳಿಯ ನಗರ ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿಲ್ಲ. ಕುವೆಂಪುನಗರದ್ದು, ಬೋಗಾದಿಯದು, ಮೇಟಗಳ್ಳಿಯದು ಅಂತ ಬಸ್ಸುಗಳು ಒಂದರ ಬೆನ್ನಿಗೊಂದು ನುಗ್ಗುತ್ತಿವೆ. ಕಂಬಕ್ಕೆ ಒರಗಿಕೊಂಡು ಊದುಬತ್ತಿ ಮಾರುತ್ತಿರುವ ಅಂಧ ವ್ಯಾಪಾರಿಯ ಕೈಗೆ ಗಿರಾಕಿಯೊಬ್ಬರು ನೋಟು ತುರುಕುತ್ತಾರೆ.

"ಎರಡು ಪ್ಯಾಕೆಟ್ ಕೊಡಪ್ಪ. ಐನೂರಿದೆ, ಬೇಗ ಚಿಲ್ಲರೆ ಕೊಡು, ಬಸ್ ಹೊರಡ್ತಾ ಇದೆ."

ವ್ಯಾಪಾರಿಯ ಹೆಬ್ಬೆರಳು ನೋಟಿನ ಅಂಚಿನ ಮೇಲೆ ಓಡುತ್ತದೆ. ಮತ್ತೆ ಹಿಂದಕ್ಕೆ ಬರುತ್ತದೆ. ಐನೂರೋ, ಇನ್ನೂರೋ? ಡ್ರೈವರ್ ಹಾರನ್ ಬಾರಿಸುತ್ತಾನೆ. ಗಿರಾಕಿ ಗದರುತ್ತಾರೆ. ತಪ್ಪಿದರೆ ನಷ್ಟ ಮುನ್ನೂರು ರೂಪಾಯಿ. ಪ್ಯಾಕೆಟ್ಟಿಗೆ ಆರು ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಂಡರೂ ಐವತ್ತು ಪ್ಯಾಕೆಟ್ ಮಾರಿದ ಲಾಭ ಒಂದೇ ಏಟಿಗೆ ಮಂಗಮಾಯ!

ಕೊನೆಗೆ ಪಕ್ಕದಲ್ಲಿ ನಿಂತವರನ್ನು ಕೇಳುವುದೇ ಗತಿ. "ಸಾರ್, ಇದು ಎಷ್ಟರದು ಸ್ವಲ್ಪ ನೋಡಿ ಹೇಳ್ತೀರಾ?"

ಈ ಪ್ರಶ್ನೆಯನ್ನು ದಿನಕ್ಕೆ ಎಷ್ಟು ಸಲ, ಎಷ್ಟು ಜನರಿಗೆ ಕೇಳಬೇಕು? ಕೇಳಿಸಿಕೊಂಡವನು ಪ್ರಾಮಾಣಿಕನೇ ಆಗಿರುತ್ತಾನೆಂಬ ಖಾತರಿ ಏನು?

ಇದರಲ್ಲೊಂದು ತಮಾಷೆಯೂ ಇದೆ. ನಿಲ್ದಾಣದಿಂದ ಮೇಟಗಳ್ಳಿ ಬಸ್ ಹತ್ತಿದರೆ ಕೆಲವೇ ಕಿಲೋಮೀಟರ್ ದೂರದಲ್ಲಿ ರಿಸರ್ವ್ ಬ್ಯಾಂಕಿನ ನೋಟು ಮುದ್ರಣಾಲಯ. 1996ರಿಂದ ದೇಶದ ಜೇಬಿಗೆ ಇಲ್ಲಿಂದ ನೋಟು ಹೋಗುತ್ತಿದೆ. 2016ರ ನೋಟು ರದ್ದತಿಯ ಕಾಲದಲ್ಲಿ ಹೊಸ ನೋಟುಗಳು ಹಗಲೂ ರಾತ್ರಿ ಅಚ್ಚಾಗಿದ್ದೂ ಇಲ್ಲೇ. ಆ ನೋಟು ಇದೇ ಊರಿನ ಬಸ್ ನಿಲ್ದಾಣದಲ್ಲಿ ಅಂಧನ ಕೈಗೆ ಬಂದರೆ ಗುರುತು ಸಿಗುವುದಿಲ್ಲ!

ಹಾಗಂತ ಮುದ್ರಣಾಲಯದವರನ್ನು ಬೈದು ಪ್ರಯೋಜನವಿಲ್ಲ. ನೋಟು ಹೇಗಿರಬೇಕೆಂದು ಶಿಫಾರಸು ಮಾಡುವುದು ರಿಸರ್ವ್ ಬ್ಯಾಂಕು, ಒಪ್ಪುವುದು ಕೇಂದ್ರ ಸರ್ಕಾರ. ಇಲ್ಲಿಯವರು ಹೇಳಿದ್ದನ್ನು ಅಚ್ಚು ಹಾಕುವವರಷ್ಟೆ.

ಹತ್ತು ಹೋಗಿ ನಾಲ್ಕಾಯಿತು

ಕಷ್ಟ ಎಲ್ಲಿದೆ ಅಂತ ತಿಳಿಯಬೇಕಾದರೆ ಒಂದು ಸ್ಕೇಲು ಸಾಕು. ಗಲ್ಲಾದ ಮುಂದೆ ಕೂತ ಯಾವ ಅಂಗಡಿಯವರೂ ಅಳೆದು ನೋಡಬಹುದು.

ಹಳೇ ಮಹಾತ್ಮ ಗಾಂಧಿ ಸರಣಿಯ ನೂರರ ನೋಟಿನ ಉದ್ದ 157 ಮಿಲಿಮೀಟರ್, ಐನೂರರದು 167. ಒಂದರ ಮೇಲೊಂದು ಇಟ್ಟರೆ ಹತ್ತು ಮಿಲಿಮೀಟರ್ ಆಚೆಗೆ ಚಾಚುತ್ತಿತ್ತು. ಕಿರುಬೆರಳಿನ ಉಗುರಿನಷ್ಟು. ಇಪ್ಪತ್ತು, ಐವತ್ತರ ನೋಟುಗಳ ಉದ್ದ ಒಂದೇ ಆಗಿದ್ದರೂ ಅಗಲದಲ್ಲಿ ಹತ್ತು ಮಿಲಿಮೀಟರ್ ವ್ಯತ್ಯಾಸ. ಬೆರಳಿಗೆ ಬುದ್ಧಿ ಕಲಿಸಿದವರಿಗೆ ಅಷ್ಟು ಧಾರಾಳವಾಯಿತು. ನೋಟನ್ನು ಎರಡು ಬೆರಳಿನ ನಡುವೆ ಮಡಿಸಿ, ತುದಿ ಎಲ್ಲಿಗೆ ಬರುತ್ತದೆಂದು ನೋಡಿ, ಮೂರು ಸೆಕೆಂಡಿನಲ್ಲಿ ಹೇಳಿಬಿಡುತ್ತಿದ್ದರು. ಕಣ್ಣಿದ್ದವರೇ ಬೆರಗಾಗಬೇಕು.

2016ರ ನವೆಂಬರಿನ ನಂತರ ಬಂದ ಹೊಸ ಸರಣಿಯಲ್ಲಿ ಲೆಕ್ಕ ತಲೆಕೆಳಗಾಯಿತು. ಐವತ್ತು, ನೂರು, ಇನ್ನೂರು, ಐನೂರು, ನಾಲ್ಕಕ್ಕೂ ಅಗಲ ಒಂದೇ, 66 ಮಿಲಿಮೀಟರ್. ಉದ್ದದಲ್ಲಿ ನೂರರದು 142, ಇನ್ನೂರರದು 146, ಐನೂರರದು 150. ಅಂದರೆ ನೂರಕ್ಕೂ ಇನ್ನೂರಕ್ಕೂ ನಾಲ್ಕೇ ಮಿಲಿಮೀಟರ್ ಅಂತರ. ಇನ್ನೂರಕ್ಕೂ ಐನೂರಕ್ಕೂ ಮತ್ತದೇ ನಾಲ್ಕು. ಎರಡು ಬೆಂಕಿಕಡ್ಡಿ ಅಕ್ಕಪಕ್ಕ ಇಟ್ಟಷ್ಟು! ಹತ್ತು ಕೈ ದಾಟಿ ಮೂಲೆ ಮಡಿಚಿದ ನೋಟಾದರೆ ಅದೂ ಇಲ್ಲ.

ಸಣ್ಣ ನೋಟು ಮಾಡಿದ್ದಕ್ಕೆ ಅದರದೇ ಕಾರಣಗಳಿರಬಹುದು. ಪರ್ಸಿನಲ್ಲಿ ಚೆನ್ನಾಗಿ ಕೂರುತ್ತದೆ, ನಿಜ. ಆದರೆ ಬೆರಳಿನಲ್ಲಿ ಲೆಕ್ಕ ಮಾಡುವವರ ಹತ್ತು ವರ್ಷದ ಅಭ್ಯಾಸ ಒಂದು ರಾತ್ರಿಯಲ್ಲಿ ನೀರಲ್ಲಿ ಹೋಮವಾಯಿತು.

ಗುರುತು ಇಟ್ಟೇ ಇಲ್ಲವೆಂದರೆ ಸುಳ್ಳಾದೀತು. ನೂರರ ಹೊಸ ನೋಟಿನಲ್ಲಿ ಉಬ್ಬಿದ ತ್ರಿಕೋನವಿದೆ, ಐನೂರರಲ್ಲಿ ವೃತ್ತ. ಎರಡು ಅಂಚಿನಲ್ಲೂ ಓರೆ ಗೆರೆಗಳಿವೆ. ನೂರಕ್ಕೆ ನಾಲ್ಕು, ಐನೂರಕ್ಕೆ ಐದು, ಇನ್ನೂರಕ್ಕೆ ನಾಲ್ಕು ಗೆರೆಯ ಜೊತೆಗೆ ಎರಡು ಸೊನ್ನೆ. ಗರಿಗರಿ ನೋಟಿನಲ್ಲಿ ಇದೆಲ್ಲ ಬೆರಳಿಗೆ ತಾಕುತ್ತದೆ. ಆದರೆ ಬಸ್ ನಿಲ್ದಾಣದ ಊದುಬತ್ತಿ ವ್ಯಾಪಾರಿಗೆ ಗರಿಗರಿ ನೋಟು ಕೊಡುವವರು ಯಾರು? ಕಂಡಕ್ಟರ ಚೀಲ, ಮೀನಂಗಡಿ ಗಲ್ಲಾ, ಬೆವರಿನ ಜೇಬು ಎಲ್ಲ ಸುತ್ತಿ ಬಂದ ನೋಟು ಅದು. ಉಬ್ಬು ಅಳಿಸಿರುತ್ತದೆ. ಹಳೇ ಸರಣಿಯ ಐವತ್ತರ ನೋಟಿಗೆ ಉಬ್ಬಿದ ಚೌಕವಿತ್ತು. ಹೊಸ ಐವತ್ತಕ್ಕೆ ಅಂಥ ಗುರುತೇ ಇಲ್ಲ. ಹಳೆಯವೂ ಹೊಸವೂ ಬೆರೆತು ಓಡಾಡುವುದರಿಂದ ಗೊಂದಲ ದುಪ್ಪಟ್ಟು.

ವಯಸ್ಸಾದವರ ಪಾಡು ಇನ್ನೊಂದು ಥರ. ಕಣ್ಣಿನ ಪೊರೆ ಬಂದವರಿಗೆ ಇಪ್ಪತ್ತರ ಹಸಿರು ಹಳದಿಯೂ ಇನ್ನೂರರ ಅಚ್ಚ ಹಳದಿಯೂ ಸಂಜೆ ಬೆಳಕಿನಲ್ಲಿ ಒಂದೇ. ದೇವರಾಜ ಮಾರುಕಟ್ಟೆಯಲ್ಲಿ ಹೂವು ಕೊಳ್ಳುವ ಅಜ್ಜಿ ಇಪ್ಪತ್ತೆಂದು ಇನ್ನೂರು ಕೊಟ್ಟರೆ, "ಅಜ್ಜಿ, ಇದು ಇನ್ನೂರು ಕಣಮ್ಮ" ಎಂದು ವಾಪಸ್ ಕೊಡುವ ಹೂವಾಡಗಿತ್ತಿಯರು ಇದ್ದಾರೆ. ಎಲ್ಲರೂ ಹಾಗೇ ಇರುತ್ತಾರಾ?

ರಿಸರ್ವ್ ಬ್ಯಾಂಕು 2020ರ ಜನವರಿ 1ರಂದು 'ಮಣಿ' ಅಂತ ಒಂದು ಮೊಬೈಲ್ ಆ್ಯಪ್ ಬಿಟ್ಟಿತು. ಫೋನಿನ ಕ್ಯಾಮೆರಾ ಮುಂದೆ ನೋಟು ಹಿಡಿದರೆ ಎಷ್ಟರದೆಂದು ಅದು ಹೇಳುತ್ತದೆ, ಇಂಟರ್‌ನೆಟ್ಟೂ ಬೇಡ. ಒಳ್ಳೆಯ ಕೆಲಸ. ಮನೆಯಲ್ಲಿ ಕೂತು ರಾತ್ರಿ ಲೆಕ್ಕ ಹಾಕಲು ಬಹಳ ಉಪಯೋಗ. ಆದರೆ ಒಂದು ಕೈಯಲ್ಲಿ ಊದುಬತ್ತಿ, ಇನ್ನೊಂದರಲ್ಲಿ ಬಿಳಿಕೋಲು ಹಿಡಿದವನು ಹೊರಟ ಬಸ್ಸಿನ ಪಕ್ಕ ನಿಂತು ಫೋನು ತೆಗೆದು, ಕ್ಯಾಮೆರಾ ನೆಟ್ಟಗೆ ಹಿಡಿದು... ಅಷ್ಟರಲ್ಲಿ ಗಿರಾಕಿ ವಿಜಯನಗರ ಮುಟ್ಟಿರುತ್ತಾರೆ.

ನಾಣ್ಯದ ವಿಷಯದಲ್ಲಿ ಮಾತ್ರ ಬುದ್ಧಿ ಓಡಿಸಿದ್ದಾರೆ ಎನ್ನಬೇಕು. 2019ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಒಂದು, ಎರಡು, ಐದು, ಹತ್ತು, ಇಪ್ಪತ್ತರ ಹೊಸ ನಾಣ್ಯಗಳನ್ನು ಅಂಧರ ಅನುಕೂಲ ನೋಡಿಯೇ ರೂಪಿಸಿದ್ದು. ಇಪ್ಪತ್ತರ ನಾಣ್ಯಕ್ಕೆ ಹನ್ನೆರಡು ಮೂಲೆ. ಮುಟ್ಟಿದ ಕೂಡಲೇ ತಿಳಿಯುತ್ತದೆ.

ಕೂಗುವ ಪೆಟ್ಟಿಗೆ, ಮೂಕ ಗಾಜು

"ಈಗ ನೋಟು ಯಾಕೆ, ಎಲ್ಲ ಫೋನಿನಲ್ಲೇ ಅಲ್ವಾ?" ಎನ್ನುವವರೂ ಇದ್ದಾರೆ. ಅರ್ಧ ನಿಜ.

ಅಂಗಡಿ ಮುಂದೆ ಇಟ್ಟಿರುವ ಸೌಂಡ್‌ಬಾಕ್ಸನ್ನೇ ನೋಡಿ. ಗಿರಾಕಿ ಹಣ ಹಾಕಿದ ಕೂಡಲೇ ಇಷ್ಟು ರೂಪಾಯಿ ಬಂತೆಂದು ಕನ್ನಡದಲ್ಲೇ ಕೂಗುತ್ತದೆ. ಅದನ್ನು ಮಾಡಿದ್ದು ಅಂಧರಿಗಾಗಿ ಅಲ್ಲ. ಸುಳ್ಳು ಸ್ಕ್ರೀನ್‌ಶಾಟ್ ತೋರಿಸಿ ಸಾಮಾನು ಹೊತ್ತೊಯ್ಯುವವರಿಂದ ಅಂಗಡಿಯವರು ಪಾರಾಗಲಿ, ಪ್ರತಿ ಸಲ ಫೋನು ತೆಗೆದು ನೋಡುವ ತಾಪತ್ರಯ ತಪ್ಪಲಿ ಎಂದು. ಆದರೆ ಅದರ ಪುಣ್ಯ ಇನ್ನೊಬ್ಬರಿಗೂ ಸಿಕ್ಕಿತು. ಕಣ್ಣು ಕಾಣದ ವ್ಯಾಪಾರಿ ಕೊರಳಿಗೆ ಕ್ಯೂಆರ್ ಕಾರ್ಡು ನೇತುಹಾಕಿ, ಚೀಲದಲ್ಲಿ ಪೆಟ್ಟಿಗೆ ಇಟ್ಟುಕೊಂಡರೆ ಐನೂರೋ ಇನ್ನೂರೋ ಎಂಬ ಜಗಳವೇ ಇಲ್ಲ. ಪೆಟ್ಟಿಗೆಯೇ ಸಾಕ್ಷಿ!

ಅದೇ ಅಂಧ ವ್ಯಕ್ತಿ ಗಿರಾಕಿಯಾಗಿ ಅಂಗಡಿಗೆ ಬಂದರೆ? ಕ್ಯೂಆರ್ ಎಲ್ಲಿದೆ ಅಂತ ಹುಡುಕಬೇಕು. ಗಾಜಿಗೆ ಅಂಟಿಸಿದ ನುಣುಪು ಕಾಗದ ಅದು. ಕೈಗೆ ಸಿಗುವುದೇ ಇಲ್ಲ. ಫೋನಿನಲ್ಲಿರುವ ಟಾಕ್‌ಬ್ಯಾಕ್ ಎಂಬ ವ್ಯವಸ್ಥೆ ಪರದೆ ಮೇಲಿನದನ್ನು ಓದಿ ಹೇಳುತ್ತದೆ ಸರಿ. ಆದರೆ ಆ್ಯಪ್ ಮಾಡಿದವನು ಬಟನ್ನಿಗೆ ಹೆಸರು ಕೊಡದೇ ಬಿಟ್ಟಿದ್ದರೆ ಅದು ಪಾಪ ಏನು ಓದೀತು? "ಬಟನ್... ಬಟನ್... ಬಟನ್..." ಅಷ್ಟೇ. ಹಣ ಕಳಿಸುವ ಬಟನ್ ಯಾವುದು, ರದ್ದು ಮಾಡುವುದು ಯಾವುದು? ಒತ್ತಿ ನೋಡಿಯೇ ತಿಳಿಯಬೇಕು!

ಕಾರ್ಡು ಉಜ್ಜುವ ಮಷೀನಿನ ಕತೆ ಇನ್ನೂ ಕಷ್ಟದ್ದು. ಓದುಗರು ಯಾವುದಾದರೂ ಹಳೇ ಬಟನ್ ಫೋನು ಕೈಗೆ ತೆಗೆದುಕೊಂಡು 5ರ ಮೇಲೆ ಬೆರಳಿಡಲಿ. ಅಲ್ಲೊಂದು ಸಣ್ಣ ಬೊಟ್ಟು ತಾಕುತ್ತದೆ. ಆ ಒಂದು ಬೊಟ್ಟು ಸಿಕ್ಕರೆ ಮೇಲೆ 2, ಕೆಳಗೆ 8, ಎಡಕ್ಕೆ 4, ಬಲಕ್ಕೆ 6 ಎಂದು ಮಿಕ್ಕ ಅಂಕಿಗಳೆಲ್ಲ ತಾವಾಗಿ ಸಿಗುತ್ತವೆ. ಖರ್ಚು ಏನೂ ಇಲ್ಲ. ಹಳೇ ಕಾರ್ಡ್ ಮಷೀನಿನಲ್ಲೂ ಕೀಲಿಗಳಿದ್ದವು. ಈಗ ಬರುವ ಎಷ್ಟೋ ಮಷೀನಿನಲ್ಲಿ ಬರೀ ಗಾಜು. ಬೊಟ್ಟೂ ಇಲ್ಲ, ಕೀಲಿಯೂ ಇಲ್ಲ. ಅಂಧ ಗಿರಾಕಿ ಪಿನ್ ನಂಬರನ್ನು ಬಾಯಿಬಿಟ್ಟು ಹೇಳಬೇಕು, ಅಂಗಡಿ ಹುಡುಗ ಒತ್ತಬೇಕು. ಹಿಂದೆ ನಾಲ್ಕು ಜನ ಕ್ಯೂ ನಿಂತಿರುತ್ತಾರೆ. ಪಿನ್ ಯಾರಿಗೂ ಹೇಳಬೇಡಿ ಅಂತ ಬ್ಯಾಂಕಿನವರು ದಿನಾ ಮೆಸೇಜು ಕಳಿಸುತ್ತಾರೆ. ಹೇಳದೆ ಮಾಡುವ ದಾರಿಯನ್ನು ಮಾತ್ರ ತೋರಿಸುವುದಿಲ್ಲ.

ಎಟಿಎಂಗಳ ಬಗ್ಗೆ ರಿಸರ್ವ್ ಬ್ಯಾಂಕು 2009ರಲ್ಲೇ ಸೂಚನೆ ಕೊಟ್ಟಿತ್ತು. ಹೊಸದಾಗಿ ಇಡುವ ಎಟಿಎಂಗಳಲ್ಲಿ ಮೂರರಲ್ಲೊಂದಾದರೂ ಮಾತಾಡಬೇಕು, ಬ್ರೈಲ್ ಕೀಲಿ ಇರಬೇಕು ಎಂದು. 2012ರಲ್ಲಿ ಅಹಮದಾಬಾದಿನಲ್ಲಿ ದೇಶದ ಮೊದಲ ಮಾತಾಡುವ ಎಟಿಎಂ ಶುರುವಾಯಿತು. 2014ರ ಜುಲೈ 1ರಿಂದ ಇಡುವ ಪ್ರತಿಯೊಂದು ಹೊಸ ಎಟಿಎಂ ಕೂಡ ಮಾತಾಡಲೇಬೇಕು ಎಂದು ಆದೇಶ ಬಿಗಿಯಾಯಿತು. ಇಯರ್‌ಫೋನ್ ಸಿಕ್ಕಿಸಿದರೆ ಗುಟ್ಟಾಗಿ ಕಿವಿಯಲ್ಲಿ ಹೇಳುತ್ತದೆ, ಪಕ್ಕದವರಿಗೆ ಕೇಳಿಸದು. ಆದರೆ ಆ ತೂತು ಎಲ್ಲಿದೆ ಅಂತ ಬಾಗಿಲ ಬಳಿ ಕೂತ ಸೆಕ್ಯುರಿಟಿಯವರನ್ನು ಕೇಳಿದರೆ, "ಯಾವ ತೂತು ಸಾರ್?" ಎನ್ನುವ ಸಂಭವವೇ ಹೆಚ್ಚು. ಎಷ್ಟೋ ಕಡೆ ಮಾತಾಡುವ ಮಷೀನು ಎರಡು ಮೆಟ್ಟಿಲ ಮೇಲಿರುತ್ತದೆ. ಗಾಲಿಕುರ್ಚಿಯವರು ರಸ್ತೆಯಿಂದಲೇ ಅದಕ್ಕೆ ಕೈಮುಗಿಯಬೇಕು!

ಬೆರಳೇ ಸವೆದವರು

ಊದುಬತ್ತಿ ಮಾರುವವರದು ಈ ಪಾಡಾದರೆ ಹೊಸೆಯುವವರದು ಬೇರೆಯೇ ಪಾಡು. ಹತ್ತಾರು ವರ್ಷ ಕಡ್ಡಿಗೆ ಹಿಟ್ಟು ಹೊಸೆದ ಹೆಂಗಸರ, ಬೀಡಿ ಕಟ್ಟಿದವರ, ಗಾರೆ ಕೆಲಸದವರ ಬೆರಳಿನ ಗೆರೆ ಸವೆದುಹೋಗಿರುತ್ತದೆ. ವಯಸ್ಸಾದಂತೆ ಚರ್ಮವೂ ಒಣಗುತ್ತದೆ. ನ್ಯಾಯಬೆಲೆ ಅಂಗಡಿಯ ಮಷೀನಿನ ಮೇಲೆ ಹೆಬ್ಬೆಟ್ಟು ಒತ್ತಿದರೆ ಕೆಂಪು ದೀಪ.

"ಇನ್ನೊಂದು ಬೆರಳು ಇಡಜ್ಜಿ."

ಹತ್ತೂ ಬೆರಳು ಮುಗಿಯಿತು. ಬಟ್ಟೆಯಲ್ಲಿ ಒರೆಸಿದ್ದಾಯಿತು, ತಲೆಗೆ ಉಜ್ಜಿ ಎಣ್ಣೆ ಹಚ್ಚಿ ನೋಡಿದ್ದಾಯಿತು. "ನಾಳೆ ಬಾರಜ್ಜಿ." ಅಜ್ಜಿ ಖಾಲಿ ಚೀಲ ಮಡಿಸಿ ಮನೆಗೆ.

ಬೆರಳಚ್ಚು ಬೀಳಲಿಲ್ಲವೆಂದು ರೇಷನ್ ನಿಲ್ಲಿಸಬಾರದು, ಬೇರೆ ದಾರಿಯಲ್ಲಿ ಗುರುತು ಹಿಡಿದು ಕೊಡಬೇಕು ಎಂದು ಆಧಾರ್ ಪ್ರಾಧಿಕಾರ 2017ರ ಅಕ್ಟೋಬರಿನಲ್ಲೇ ಸುತ್ತೋಲೆ ಹೊರಡಿಸಿದೆ. ಇದು ಅಜ್ಜಿಗೆ ಗೊತ್ತಿಲ್ಲ. ಗೊತ್ತಿರಬೇಕಾದವರು ಹೇಳುವುದಿಲ್ಲ. ಕೇರಳದ ಕೊಟ್ಟಾಯಂ ಜಿಲ್ಲೆಯಲ್ಲಿ ಕೈಬೆರಳೇ ಇಲ್ಲದ ಮಹಿಳೆಯೊಬ್ಬರಿಗೆ ಆಧಾರ್ ಸಿಗದೇ ಸುದ್ದಿಯಾದಾಗ, 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವೇ ಮತ್ತೊಮ್ಮೆ ಸ್ಪಷ್ಟಪಡಿಸಿತು. ಬೆರಳಚ್ಚು ಸಿಗದಿದ್ದರೆ ಕಣ್ಣಿನ ಪಾಪೆಯೊಂದೇ ಸಾಕು, ಅದೂ ಸಿಗದಿದ್ದರೆ ಬೆರಳಚ್ಚು ಸಾಕು, ಎರಡೂ ಇಲ್ಲದವರಿಗೂ ನೋಂದಣಿ ಉಂಟು ಎಂದು.

ಪಿಂಚಣಿದಾರರಿಗೆ ಒಂದು ಸಮಾಧಾನ. ಬದುಕಿದ್ದೇವೆ ಎಂದು ವರ್ಷಕ್ಕೊಮ್ಮೆ ಸಾಬೀತು ಮಾಡುವ 'ಜೀವನ್ ಪ್ರಮಾಣ್' 2014ರಲ್ಲಿ ಬಂದಾಗ ಬೆರಳಚ್ಚಿನದೇ ರಗಳೆಯಾಗಿತ್ತು. 2021ರ ನವೆಂಬರಿನಿಂದ ಮುಖ ತೋರಿಸಿದರೂ ಆಗುತ್ತದೆ. ಆದರೆ ಮುಖ ತೋರಿಸುವ ವ್ಯವಸ್ಥೆಯಲ್ಲೂ "ಕಣ್ಣು ಮಿಟುಕಿಸಿ" ಎಂಬ ಕಟ್ಟಳೆ ಇರುತ್ತದೆ. ಆ್ಯಸಿಡ್ ದಾಳಿಯಲ್ಲಿ ರೆಪ್ಪೆ ಸುಟ್ಟವರು ಏನು ಮಿಟುಕಿಸಬೇಕು? ಇದೇ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿ, 2025ರ ಏಪ್ರಿಲ್ 30ರಂದು ತೀರ್ಪು ಬಂತು. ಇಂಥ ಡಿಜಿಟಲ್ ಸೇವೆ ಎಲ್ಲರ ಕೈಗೆಟುಕುವುದು ಬದುಕುವ ಹಕ್ಕಿನದೇ ಭಾಗ, ಬ್ಯಾಂಕಿನ ಗುರುತು ತಪಾಸಣೆ ಅಂಗವಿಕಲರಿಗೂ ಆಗುವಂತೆ ಬದಲಾಗಬೇಕು ಎಂದು.

"ಯಾವ ಬಸ್ಸಪ್ಪಾ ಇದು?"

ಮತ್ತೆ ನಿಲ್ದಾಣಕ್ಕೆ ಬರೋಣ. ವ್ಯಾಪಾರ ಮುಗಿಸಿದ ಮೇಲೆ ವ್ಯಾಪಾರಿಯೂ ಮನೆಗೆ ಹೋಗಬೇಕಲ್ಲ.

ಬಸ್ಸಿನ ವಿಷಯದಲ್ಲಿ ಮೈಸೂರು ಹಿಂದೆ ಬಿದ್ದ ಊರೇನಲ್ಲ. 2012ರಲ್ಲಿ ಕೆಎಸ್ಆರ್‌ಟಿಸಿಯವರು 500 ಬಸ್ಸು, 105 ತಂಗುದಾಣ ಸೇರಿಸಿ ಎಲೆಕ್ಟ್ರಾನಿಕ್ ಫಲಕಗಳ ವ್ಯವಸ್ಥೆ ತಂದರು. ಯಾವ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ಅಕ್ಷರ ಓಡುವ ಫಲಕ. ಕಿವಿ ಕೇಳದವರಿಗೆ ಇದಕ್ಕಿಂತ ಉಪಕಾರ ಬೇರಿಲ್ಲ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಎಲ್ಲೆಲ್ಲಿಂದಲೋ ಅಂಥವರು ಬರುವ ಊರಿದು. ಆದರೆ ಕಣ್ಣು ಕಾಣದವರಿಗೆ ಫಲಕ ಇದ್ದರೇನು, ಗೋಡೆ ಇದ್ದರೇನು!

ಅದಕ್ಕೂ ಒಂದು ಪರಿಹಾರ ಬಂತು. ದೆಹಲಿಯ ಐಐಟಿಯಲ್ಲಿ ಹುಟ್ಟಿದ ಒಂದು ಸಾಧನವನ್ನು 2023-24ರ ಸುಮಾರಿಗೆ 'ಧ್ವನಿ ಸ್ಪಂದನ' ಎಂಬ ಹೆಸರಿನಲ್ಲಿ ಇಲ್ಲಿನ ಸುಮಾರು 200 ನಗರ ಬಸ್ಸುಗಳಿಗೆ ಅಳವಡಿಸಿದರು. ಬಸ್ಸು ಹತ್ತಿರ ಬಂದಾಗ ಅಂಧ ಪ್ರಯಾಣಿಕ ಫೋನಿನಲ್ಲಿ ಬೇಕಾದ ಬಸ್ಸನ್ನು ಆರಿಸಿದರೆ ಸಾಕು, ಬಾಗಿಲ ಬಳಿಯ ಸ್ಪೀಕರು ಮಾರ್ಗದ ನಂಬರನ್ನು ಕೂಗುತ್ತದೆ. ಅದರಲ್ಲಿ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಯಾವ ಬಸ್ಸು ಎಂದು ತಿಳಿಯಿತು. ಸದ್ದು ಬಂದ ಕಡೆ ನಡೆದರೆ ಬಾಗಿಲೂ ಸಿಕ್ಕಿತು. ಬಾಗಿಲು ಹುಡುಕುವುದು ಎಂಥ ಪ್ರಾಣಸಂಕಟ ಎಂದು ಚಕ್ರದ ಪಕ್ಕ ತಡವರಿಸಿದವರಿಗೇ ಗೊತ್ತು.

ಇಷ್ಟೆಲ್ಲ ಮಾಡಿಯೂ ಡ್ರೈವರ್ ಬಸ್ಸನ್ನು ತಂಗುದಾಣದಿಂದ ಇಪ್ಪತ್ತಡಿ ಮುಂದೆ ನಿಲ್ಲಿಸಿದರೆ? ಸ್ಪೀಕರು ಕೂಗುತ್ತದೆ, ಆದರೆ ರಸ್ತೆಯ ಮಧ್ಯದಿಂದ! ಆಟೋ, ಬೈಕು ದಾಟಿಕೊಂಡು ಸದ್ದಿನ ಬೆನ್ನು ಹತ್ತಬೇಕು. ಮಂಡಿನೋವಿನ ಅಜ್ಜಿಗೆ ಇನ್ನೊಂದು ಸಂಕಟ. ಕೇಂದ್ರದ ನಗರ ಬಸ್ ಮಾನದಂಡದಲ್ಲಿ ತಗ್ಗು ನೆಲದ ಬಸ್ಸಿನ ಒಳನೆಲ ರಸ್ತೆಯಿಂದ 400 ಮಿಲಿಮೀಟರ್, ಮಾಮೂಲಿ ಬಸ್ಸಿನದು 900. ತಂಗುದಾಣದ ಕಟ್ಟೆಗೆ ಒತ್ತಿ ನಿಲ್ಲಿಸಿದರೆ ಮೊದಲ ಮೆಟ್ಟಿಲು ಹತ್ತುವುದು ಸಲೀಸು. ನಡುರಸ್ತೆಯಲ್ಲಿ ನಿಲ್ಲಿಸಿದರೆ ಯಾರಾದರೂ ಎತ್ತಿ ಹತ್ತಿಸಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ಟೇನೋ ಪುಕ್ಕಟೆಯಾಯಿತು, ಮೆಟ್ಟಿಲು ತಗ್ಗಲಿಲ್ಲ.

ಕಾನೂನಿನಲ್ಲಿ ಕೊರತೆಯಿಲ್ಲ

2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಅಂಗವಿಕಲರು 13 ಲಕ್ಷ 24 ಸಾವಿರ. ಅದರಲ್ಲಿ ದೃಷ್ಟಿದೋಷದವರೇ 2 ಲಕ್ಷ 64 ಸಾವಿರ. ಮಂಡಿ ಹಿಡಿದ, ಕಣ್ಣು ಮಂಜಾದ ಮುದುಕರು ಈ ಲೆಕ್ಕಕ್ಕೆ ಎಲ್ಲರೂ ಸಿಗುವುದೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಕಚೇರಿಗೆ ಮಾತ್ರ ಸೀಮಿತವಲ್ಲ. ಖಾಸಗಿಯಾಗಿ ಸೇವೆ ಕೊಡುವವರೂ ನಿಯಮ ಬಂದ ಎರಡು ವರ್ಷದೊಳಗೆ ತಮ್ಮ ಸೇವೆಯನ್ನು ಎಲ್ಲರಿಗೂ ಎಟುಕುವಂತೆ ಮಾಡಬೇಕೆಂದಿದೆ. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಗಡುವು 2019ರಲ್ಲೇ ತೀರಿತು! ಈ ನಿಯಮಗಳು ಬರೀ ಸಲಹೆಯಂತಿವೆ, ಕಡ್ಡಾಯವಾಗಬೇಕು ಎಂದು 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು ಹೇಳಿ, ಮೂರು ತಿಂಗಳ ಕಾಲ ಕೊಟ್ಟಿತು.

ಕೋರ್ಟಿನ ಕೆಲಸ ಕೋರ್ಟಿಗಿರಲಿ. ಗಲ್ಲಾದ ಮುಂದೆ ಆಗುವ ಕೆಲಸಕ್ಕೆ ಯಾವ ತೀರ್ಪೂ ಬೇಕಿಲ್ಲ. ಚಿಲ್ಲರೆ ಕೊಡುವಾಗ "ಇದು ಇನ್ನೂರು, ಇದು ನೂರು, ಇದು ಐವತ್ತು" ಎಂದು ಬಾಯಲ್ಲಿ ಹೇಳಿ ಒಂದೊಂದಾಗಿ ಕೈಗಿಟ್ಟರೆ ಎಷ್ಟು ಹೊತ್ತಾದೀತು? ಕ್ಯೂಆರ್ ಸ್ಟ್ಯಾಂಡಿನ ಸುತ್ತ ದಪ್ಪ ಟೇಪು ಅಂಟಿಸಿ ದಿನಾ ಒಂದೇ ಜಾಗದಲ್ಲಿಟ್ಟರೆ ಬೆರಳಿಗೆ ಸಿಗುತ್ತದೆ. ಮೊಬೈಲ್ ಅಂಗಡಿಯವರು ಮುದುಕರಿಗೆ ಫೋನು ಮಾರುವಾಗ ಸೆಟ್ಟಿಂಗ್ಸಿಗೆ ಹೋಗಿ ಅಕ್ಷರ ದಪ್ಪ ಮಾಡಿ, ರಿಂಗ್ ಜೋರು ಮಾಡಿ ಕೊಡಬಹುದು. ಬಹಳಷ್ಟು ಆಂಡ್ರಾಯ್ಡ್ ಫೋನಿನಲ್ಲಿ ಸೌಂಡಿನ ಎರಡೂ ಬಟನ್ ಒಟ್ಟಿಗೆ ಮೂರು ಸೆಕೆಂಡು ಒತ್ತಿ ಹಿಡಿದರೆ ಓದಿ ಹೇಳುವ ಟಾಕ್‌ಬ್ಯಾಕ್ ಶುರುವಾಗುತ್ತದೆ. ಇದನ್ನು ಹೇಳಿಕೊಡದೆ ಕವರು, ಗ್ಲಾಸು ಮಾತ್ರ ಮಾರುವುದು ಯಾವ ವ್ಯಾಪಾರ?

ತಿಲಕ್‌ನಗರದಲ್ಲಿ ಅಂಧ ಮಕ್ಕಳ ಸರ್ಕಾರಿ ಶಾಲೆಯಿದೆ. ಅದರ ಮೂಲ 1901ಕ್ಕೆ ಹೋಗುತ್ತದೆ. ಕನ್ನಡ ಪುಸ್ತಕಗಳು ಬ್ರೈಲಿನಲ್ಲಿ ಅಚ್ಚಾಗುವ ಮುದ್ರಣಾಲಯವೂ ಇದೇ ಊರಲ್ಲಿದೆ. ಒಂದೇ ಊರಿನಲ್ಲಿ ಎರಡು ಮುದ್ರಣಾಲಯ. ಒಂದರ ಅಚ್ಚು ಬೆರಳಿಗೆ ಓದಲು ಬರುತ್ತದೆ, ಇನ್ನೊಂದರದು ಬರುವುದಿಲ್ಲ.

ಇತ್ತ ನಿಲ್ದಾಣದಲ್ಲಿ ಪಕ್ಕದವರು ನೋಟನ್ನು ದೀಪಕ್ಕೆ ಹಿಡಿದು ನೋಡಿದರು. "ಇನ್ನೂರು ಕಣಪ್ಪ ಇದು."

"ಓ... ಹೌದಾ? ಕತ್ತಲಲ್ಲಿ ಗೊತ್ತಾಗಲಿಲ್ಲ" ಎಂದು ಗಿರಾಕಿ ಜೇಬಿಗೆ ಕೈಹಾಕಿದರು. ಬೇಕೆಂದೇ ಮಾಡಿದ್ದೋ, ನಿಜಕ್ಕೂ ಕಾಣಲಿಲ್ಲವೋ, ಚಾಮುಂಡಿಗೇ ಗೊತ್ತು. ವ್ಯಾಪಾರಿ ಏನೂ ಅನ್ನಲಿಲ್ಲ. ಇನ್ನೂರಕ್ಕೆ ಸರಿಯಾದ ಚಿಲ್ಲರೆಯನ್ನು ಎಣಿಸಿ, ಒಂದೊಂದು ನೋಟಿನ ಹೆಸರು ಹೇಳುತ್ತ ಗಿರಾಕಿಯ ಕೈಗಿಟ್ಟ. ಅಷ್ಟರಲ್ಲಿ ಬಸ್ಸು ಹೊರಟೇಹೋಗಿತ್ತು.